ಈ ಬೇಸಿಗೆಗೆ ಯಾವ ಪುಸ್ತಕ, ಯಾರಿಗೆ?

(ಕೋಲಾರದಲ್ಲಿ ನಡೆದ ಓದುಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿ, ಕೆಲವು ಕಡೆ ವಿಸ್ತರಿಸಲಾಗಿದೆ.)

ಓದುಗ ಮಿತ್ರರೆ,

ಇಂದಿನ ಸಭೆಯ ಕ್ರಮವನ್ನು ಸಂಘಟಕರು ಈಗಾಗಲೇ ತಿಳಿಸಿದ್ದಾರೆ. ಈ ಉಪನ್ಯಾಸ ಮುಗಿದ ಮೇಲೆ ಇಲ್ಲಿರುವ ಪ್ರತಿಯೊಬ್ಬರೂ ಎದ್ದು ನಿಂತು, ಈ ಬೇಸಿಗೆಯಲ್ಲಿ ಇತರರು ಓದಬಹುದಾದ ಒಂದು ಪುಸ್ತಕವನ್ನು ಸೂಚಿಸಬೇಕು. ಅದಕ್ಕೆ ಮೊದಲು ಸ್ವಲ್ಪ ಹೊತ್ತು, ಹೀಗೆ ಸೂಚಿಸುವ ಕೆಲಸದ ಬಗ್ಗೆಯೇ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಹೇಳಬೇಕಾದದ್ದು ಮೂಲತಃ ಒಂದೇ ಮಾತು. ಪುಸ್ತಕವೊಂದನ್ನು ಮತ್ತೊಬ್ಬರಿಗೆ ಹೇಳುವಾಗ ಅದು ಎಷ್ಟು ದೊಡ್ಡ ಕೃತಿ ಎಂಬುದನ್ನು ನಾವು ತಪ್ಪದೆ ಹೇಳುತ್ತೇವೆ. ಅದು ಯಾರಿಗೆ, ಯಾವ ಹೊತ್ತಿಗೆ, ಎಲ್ಲಿಂದ ಆರಂಭಿಸಿದರೆ ಒದಗಿಬರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೇಳುವವರಿಗೆ ಬೇಕಾಗಿರುವುದು ಇದು.

ಬೇಸಿಗೆಯ ಓದು ಎಂಬ ಕಲ್ಪನೆ ಬಂದಿರುವುದು ಶಾಲೆಯ ರಜೆಯಿಂದ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಮಕ್ಕಳಿಗೂ ಮೇಷ್ಟ್ರುಗಳಿಗೂ ಬಿಡುವಿರುತ್ತದೆಯಾದ್ದರಿಂದ, ಊರಿಗೆ ಊರೇ ಬಿಡುವಾಗಿದೆ ಎಂದು ಓದುಬರಹದವರು ಭಾವಿಸಿಬಿಡುತ್ತೇವೆ. ನಮ್ಮ ಕಡೆ ಅದು ನಿಜವಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಮತ್ತು ಮಂಡಿಗಳಲ್ಲಿ ವರ್ಷದ ಅತ್ಯಂತ ಬಿಡುವಿಲ್ಲದ ದಿನಗಳು ಶುರುವಾಗುವುದೇ ಮೇ ತಿಂಗಳಲ್ಲಿ. ಕಾಯಿ ಕೀಳುವವರಿಗೆ, ವಿಂಗಡಿಸುವವರಿಗೆ, ಲಾರಿಗೆ ತುಂಬುವವರಿಗೆ, ಲೆಕ್ಕ ಬರೆಯುವವರಿಗೆ ಜುಲೈವರೆಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಟೊಮೇಟೊ ಬೆಳೆದವರ ಮನಸ್ಸು ಕೋಲಾರದ ಎಪಿಎಂಸಿ ಮಾರುಕಟ್ಟೆಯ ಬೆಳಗಿನ ಹರಾಜಿನಲ್ಲಿರುತ್ತದೆ. ಇವರಿಗೆ ಆರು ನೂರು ಪುಟದ ಕಾದಂಬರಿಯನ್ನು "ಬೇಸಿಗೆಗೆ ಒಳ್ಳೆಯದು" ಎಂದು ಹೇಳುವುದು, ಹೇಳುವವರ ಕ್ಯಾಲೆಂಡರನ್ನು ಕೇಳುವವರ ಗೋಡೆಗೆ ತೂಗುಹಾಕಿದಂತೆ.

ರೇಷ್ಮೆ ಸಾಕುವ ಮನೆಗಳ ಕಾಲಗಣನೆ ಇನ್ನೂ ಬೇರೆ. ಹುಳು ಜ್ವರಕ್ಕೆ ಕೂತ ದಿನ, ಅಂದರೆ ಪೊರೆ ಕಳಚಲು ಮೇವು ಬಿಟ್ಟು ಸುಮ್ಮನಿರುವ ದಿನ, ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಆ ಮನೆಯಲ್ಲಿ ಓದುವವರಿದ್ದರೆ ಅವರಿಗೆ ಆಗ ಸಿಗುವುದು ಸರಿಸುಮಾರು ಒಂದು ದಿನದ ಬಿಡುವು. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಹಗಲೂ ರಾತ್ರಿ ಸೊಪ್ಪು ಸುರಿಯುತ್ತಲೇ ಇರಬೇಕು, ಆಗ ಓದಿನ ಮಾತೇ ಇಲ್ಲ. ಶಿಡ್ಲಘಟ್ಟದ ಕಡೆಯ ಇಂಥ ಓದುಗರೊಬ್ಬರಿಗೆ ಏನನ್ನು ಸೂಚಿಸಬೇಕು? ಒಂದು ದಿನದಲ್ಲಿ ಆರಂಭಿಸಿ ಅದೇ ದಿನ ಮುಗಿಸಬಹುದಾದದ್ದನ್ನು, ಅಥವಾ ವಾರ ಬಿಟ್ಟು ತೆರೆದರೂ ಹಿಂದಿನದನ್ನು ನೆನಪಿಸಿಕೊಳ್ಳುವ ಅಗತ್ಯವಿಲ್ಲದ್ದನ್ನು. ಇನ್ನು ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಉದ್ಯೋಗಸ್ಥರಿದ್ದಾರೆ. ಅವರಿಗೆ ಬೇಸಿಗೆ ಮಳೆಗಾಲವೆಂಬ ಭೇದವಿಲ್ಲ. ಸೀಟು ಸಿಕ್ಕಿದರೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಓದಬಹುದು. ಸೀಟು ಸಿಗದಿದ್ದರೆ ಒಂದು ಕೈಯಲ್ಲಿ ಹಿಡಿಯಬಹುದಾದ ಪುಸ್ತಕವೇ ಆಗಬೇಕು. ಪುಸ್ತಕದ ತೂಕವೂ ಸೂಚನೆಯ ಒಂದು ಭಾಗ ಎಂಬುದನ್ನು ವಿಮರ್ಶಕರು ಹೇಳುವುದಿಲ್ಲ, ರೈಲಿನ ಓದುಗರು ಹೇಳುತ್ತಾರೆ.

ಹೀಗಿದ್ದರೂ ಇಂಥ ಸಭೆಗಳಲ್ಲಿ ನಡೆಯುವುದೇನು? ಮೊದಲನೆಯವರು ಎದ್ದು ಜ್ಞಾನಪೀಠ ಪಡೆದ ಒಂದು ಕೃತಿಯ ಹೆಸರು ಹೇಳುತ್ತಾರೆ. ಎರಡನೆಯವರು ಅದಕ್ಕಿಂತ ಕಡಿಮೆಯದನ್ನು ಹೇಳುವುದು ಹೇಗೆಂದು ಇನ್ನೊಬ್ಬ ಜ್ಞಾನಪೀಠ ಪುರಸ್ಕೃತರನ್ನು ನೆನೆಯುತ್ತಾರೆ. ಕನ್ನಡಕ್ಕೆ ಆ ಪ್ರಶಸ್ತಿ 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ ಎಂಟು ಬಾರಿ ಬಂದಿರುವುದರಿಂದ ಎಂಟು ಜನರ ಸರದಿ ಸಲೀಸಾಗಿ ಮುಗಿಯುತ್ತದೆ, ಒಂಬತ್ತನೆಯವರಿಗೆ ಕಷ್ಟವಾಗುತ್ತದೆ. ಆ ಕೃತಿಗಳ ಯೋಗ್ಯತೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಹೆಸರು ಹೇಳಿದವರು ಕೊನೆಯ ಪುಟದವರೆಗೆ ಓದಿದ್ದಾರೆಯೇ, ಓದುವಾಗ ಎಲ್ಲಿ ನಿಂತರು, ನಿಂತವರು ಹೇಗೆ ಮುಂದೆ ಹೋದರು ಎಂಬುದು ಕೇಳುವವರಿಗೆ ತಿಳಿಯುವುದೇ ಇಲ್ಲ. ಅವರು ಪುಸ್ತಕವನ್ನು ತರುತ್ತಾರೆ, ನಲವತ್ತನೆಯ ಪುಟದಲ್ಲಿ ನಿಲ್ಲುತ್ತಾರೆ, ತಮಗೆ ಸಾಹಿತ್ಯ ಹತ್ತುವುದಿಲ್ಲವೆಂದು ತೀರ್ಮಾನಿಸಿ ಸುಮ್ಮನಾಗುತ್ತಾರೆ. ಒಳ್ಳೆಯ ಪುಸ್ತಕದ ಅಜಾಗರೂಕ ಸೂಚನೆಯಿಂದ ಆಗುವ ನಷ್ಟ ಕೆಟ್ಟ ಪುಸ್ತಕದಿಂದಲೂ ಆಗುವುದಿಲ್ಲ, ಏಕೆಂದರೆ ಕೆಟ್ಟ ಪುಸ್ತಕವನ್ನು ಕೆಳಗಿಟ್ಟವರು ಪುಸ್ತಕವನ್ನು ಬೈಯುತ್ತಾರೆ, ದೊಡ್ಡ ಪುಸ್ತಕವನ್ನು ಕೆಳಗಿಟ್ಟವರು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನೇ ತೆಗೆದುಕೊಳ್ಳೋಣ. 1967ರಲ್ಲಿ ಪ್ರಕಟವಾದ ಈ ಕೃತಿಯನ್ನು ಬೇಸಿಗೆಗೆಂದು ಹೇಳುವವರು ಬಹಳ ಮಂದಿ, ಮತ್ತು ದೀರ್ಘ ರಜೆಯುಳ್ಳವರಿಗೆ ಅದಕ್ಕಿಂತ ತಕ್ಕದ್ದು ಸಿಗುವುದೂ ಕಷ್ಟ. ಆದರೆ ಬಯಲುಸೀಮೆಯ ನಮ್ಮ ಓದುಗರಿಗೆ ಅದರ ಮೊದಲ ನೂರು ಪುಟ ಅಡಚಣೆಯದ್ದು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಮನೆಗಳು ಬರುತ್ತವೆ, ಒಂದೊಂದು ಮನೆಯಲ್ಲಿಯೂ ಯಜಮಾನರು, ಹೆಂಗಸರು, ಮಕ್ಕಳು, ಆಳುಗಳು ಬರುತ್ತಾರೆ. ಯಾರು ಯಾರಿಗೆ ಏನಾಗಬೇಕೆಂದು ನೆನಪಿಟ್ಟುಕೊಳ್ಳಲು ಹೋದವರು ದಾರಿ ತಪ್ಪುತ್ತಾರೆ. ಆದ್ದರಿಂದ ಈ ಪುಸ್ತಕವನ್ನು ಸೂಚಿಸುವವರು ಅದರ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತನಾಡುವ ಬದಲು ಹೀಗೆ ಹೇಳಿದರೆ ಸಾಕು: ಆರಂಭದಲ್ಲಿ ಗುತ್ತಿ ಎಂಬವನೂ ಅವನ ನಾಯಿ ಹುಲಿಯನೂ ಕಾಡಿನ ದಾರಿಯಲ್ಲಿ ಹೋಗುತ್ತಿರುತ್ತಾರೆ, ನೀವು ಅವರಿಬ್ಬರ ಹಿಂದೆ ಹೋಗುತ್ತಿರಿ, ಹೆಸರುಗಳನ್ನು ನೆನಪಿಡಬೇಡಿ, ಮುಖ್ಯವಾದ ಹೆಸರುಗಳು ತಾವಾಗಿಯೇ ಮತ್ತೆ ಮತ್ತೆ ಬಂದು ಪರಿಚಯವಾಗುತ್ತವೆ. ಬೇಕಾದರೆ ಮನೆಗಳ ಹೆಸರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಇಷ್ಟು ಹೇಳಿ ಕೊಟ್ಟ ಪುಸ್ತಕವನ್ನು ಮುಗಿಸಿದವರನ್ನು ನಾನು ಕಂಡಿದ್ದೇನೆ. ಮಹಾಕೃತಿ ಎಂದಷ್ಟೇ ಕೇಳಿ ಒಯ್ದವರಲ್ಲಿ ಅನೇಕರು ಅದನ್ನು ಕಪಾಟಿನಲ್ಲಿ ಎದುರಿಗೆ ಕಾಣುವಂತೆ ಇಟ್ಟಿದ್ದಾರೆ.

ಇದಕ್ಕೆ ಎದುರಾಗಿ, ಹೆಚ್ಚು ವಿವರಣೆಯಿಲ್ಲದೆ ಕೊಟ್ಟರೂ ನಡೆಯುವ ಪುಸ್ತಕಗಳಿವೆ. 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ಅಂಥದ್ದು. ಕನ್ನಡದಲ್ಲಿ ಬಾಯಿಂದ ಬಾಯಿಗೆ ಹೋಗಿ ಓದುಗರನ್ನು ಸಂಪಾದಿಸಿಕೊಂಡ ಕಾದಂಬರಿಗಳಲ್ಲಿ ಅದರದು ಮುಂಚೂಣಿಯ ಸ್ಥಾನವೆಂದು ನಾನು ತಿಳಿದಿದ್ದೇನೆ. ಕಾರಣಗಳನ್ನು ಹುಡುಕಿದರೆ ಅವು ತೀರಾ ವ್ಯಾವಹಾರಿಕವಾಗಿವೆ. ಪುಸ್ತಕ ಚಿಕ್ಕದು, ಎರಡು ದಿನದಲ್ಲಿ ಮುಗಿಯುತ್ತದೆ. ಆರಂಭದಲ್ಲಿಯೇ ನಗು ಬರುತ್ತದೆ. ಹಾರುವ ಓತಿಯ ಹುಡುಕಾಟವೆಂಬ ಒಂದು ಎಳೆ ಕೊನೆಯವರೆಗೂ ಕೈ ಬಿಡುವುದಿಲ್ಲ. ಮತ್ತು ಜೇನು, ಬೆಳೆ, ಕೋರ್ಟು ಕಚೇರಿ, ನಾಯಿ, ಹಳ್ಳಿಯ ಬೈಗುಳ ಎಂದು ನಮಗೆ ಗೊತ್ತಿರುವ ವಿಷಯಗಳ ನಡುವೆಯೇ ಗೊತ್ತಿಲ್ಲದ ಒಂದು ಕಾಲದ ಆಳ ತೆರೆದುಕೊಳ್ಳುತ್ತದೆ. ಎಂದೂ ಕಾದಂಬರಿ ಓದಿರದ ಇಂಜಿನಿಯರಿಂಗ್ ವಿದ್ಯಾರ್ಥಿಗೂ, ನಿವೃತ್ತ ಗುಮಾಸ್ತರಿಗೂ ಒಂದೇ ಪುಸ್ತಕ ಕೊಡಬೇಕಾಗಿ ಬಂದರೆ ಇದನ್ನು ಕೊಡಬಹುದು. ಇಂದು ಇಲ್ಲಿ ಯಾರೋ ಒಬ್ಬರು ಅದರ ಹೆಸರನ್ನು ಹೇಳಿಯೇ ಹೇಳುತ್ತಾರೆ. ದಯವಿಟ್ಟು ಒಬ್ಬರೇ ಹೇಳಿ.

ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ಹೊತ್ತ ವೆಂಕಟೇಶ ಅಯ್ಯಂಗಾರ್ಯರ ಬಗ್ಗೆ ಕೋಲಾರದಲ್ಲಿ ಅಭಿಮಾನಕ್ಕೆ ಕೊರತೆಯಿಲ್ಲ. ಅಭಿಮಾನವಿದ್ದಷ್ಟು ಓದು ಇದೆಯೇ ಎಂಬುದನ್ನು ಮಾತ್ರ ನಾವು ನಾವೇ ಕೇಳಿಕೊಳ್ಳಬೇಕು. ಮಾಸ್ತಿಯವರನ್ನು ಓದಬೇಕೆಂದು ಬಂದವರಿಗೆ ನಾವು ಸಾಮಾನ್ಯವಾಗಿ 'ಚಿಕವೀರ ರಾಜೇಂದ್ರ'ವನ್ನು ತೋರಿಸುತ್ತೇವೆ. 1956ರಲ್ಲಿ ಬಂದ, 1983ರ ಜ್ಞಾನಪೀಠದೊಂದಿಗೆ ಹೆಸರು ಸೇರಿಹೋಗಿರುವ ಕಾದಂಬರಿ ಅದು. ಕೊಡಗಿನ ಕೊನೆಯ ಅರಸ 1834ರಲ್ಲಿ ರಾಜ್ಯವನ್ನು ಇಂಗ್ಲಿಷರಿಗೆ ಕಳೆದುಕೊಂಡನೆಂಬುದು ಮೊದಲೇ ಗೊತ್ತಿರುವ ಕಥೆ. ಹೇಗೆ ಕಳೆದುಕೊಂಡನೆಂಬುದನ್ನು ಮಾಸ್ತಿಯವರು ಅವಸರವಿಲ್ಲದೆ, ಅರಮನೆಯೊಳಗಿನ ಒಂದೊಂದು ಮಾತುಕತೆಯನ್ನೂ ಕೇಳಿಸುತ್ತ ಹೇಳುತ್ತಾರೆ. ರಾಣಿ ಗೌರಮ್ಮ, ಕುಂಟ ಬಸವ, ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಈ ನಾಲ್ವರ ನಡುವೆ ಯಾರು ಯಾರನ್ನು ಎಷ್ಟು ನಂಬುತ್ತಾರೆ ಎಂಬುದನ್ನು ಗಮನಿಸುತ್ತ ಹೋದರೆ ಪುಸ್ತಕ ಓಡುತ್ತದೆ. ಯುದ್ಧ, ಕುದುರೆ, ಕತ್ತಿಗಳ ಐತಿಹಾಸಿಕ ಕಾದಂಬರಿಯನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಗುತ್ತದೆ. ಈ ನಿರಾಶೆಯನ್ನು ಮೊದಲೇ ಹೇಳಿಬಿಡುವುದು ಸೂಚಿಸುವವರ ಕರ್ತವ್ಯ.

ಆದರೆ ಮಾಸ್ತಿಯವರಿಗೆ ಪ್ರವೇಶದ್ವಾರ ಅವರ ಸಣ್ಣ ಕಥೆಗಳೇ ಎಂಬುದು ನನ್ನ ಅಭಿಪ್ರಾಯ. ಅವರ ಮೊದಲ ಸಂಕಲನ 1920ರಲ್ಲಿ ಬಂತು. ಅಂದರೆ ಆ ಕಥೆಗಳಿಗೆ ನೂರು ವರ್ಷ ದಾಟಿದೆ. ಅವುಗಳಲ್ಲಿ ಹಲವು, ಒಬ್ಬರು ಇನ್ನೊಬ್ಬರಿಗೆ ಕೂತು ಹೇಳಿದ ಕಥೆಗಳು. ಹೇಳುವವರೂ ಕೇಳುವವರೂ ಕಥೆಯೊಳಗೇ ಇರುವುದರಿಂದ ಅವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಬಹಳ ಚೆನ್ನಾಗಿ ಒಪ್ಪುತ್ತವೆ. ಕಣ್ಣು ಮಂಜಾದ ಹಿರಿಯರಿರುವ ಮನೆಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗಲಾಗದ ಮಕ್ಕಳಿರುವ ಮನೆಯಲ್ಲಿ, ದಿನಕ್ಕೊಂದು ಕಥೆಯಂತೆ ಓದಬಹುದು. ಸ್ವಲ್ಪ ದೀರ್ಘವಾದದ್ದು ಬೇಕೆಂದರೆ 1928ರ 'ಸುಬ್ಬಣ್ಣ' ಇದೆ. ಸಂಗೀತಗಾರನೊಬ್ಬನ ಬಾಳನ್ನು ಹೇಳುವ ಆ ನೀಳ್ಗತೆಯನ್ನು ಒಂದೇ ಕೂತಿನಲ್ಲಿ ಮುಗಿಸಬಹುದು. ಮಾಸ್ತಿಯವರ ಮನೆಮಾತು ತಮಿಳು ಎಂಬುದನ್ನು ಇಲ್ಲಿ ನೆನೆಯಲು ಕಾರಣವಿದೆ. ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಆಡುವ ಮಾತು ತೆಲುಗು, ಕೆಲವೆಡೆ ತಮಿಳು, ಉರ್ದು. ಕನ್ನಡ ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಯಿಂದ ಬಂದದ್ದು. ಇಂಥ ಓದುಗರಿಗೆ ಮಾಸ್ತಿಯವರ ನೇರವಾದ, ಅಲಂಕಾರವಿಲ್ಲದ ಗದ್ಯ ಸಲೀಸಾಗಿ ಹತ್ತುತ್ತದೆ.

ಪ್ರಾದೇಶಿಕ ಆಡುನುಡಿಯಲ್ಲಿ ಬರೆದ ಕೃತಿಗಳ ವಿಷಯದಲ್ಲಿ ಇದೇ ಕಾರಣಕ್ಕಾಗಿ ನಾವು ಸ್ವಲ್ಪ ಎಚ್ಚರದಿಂದ ಸೂಚಿಸಬೇಕು. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯನ್ನು ಮೌನವಾಗಿ ಓದಲು ಹೋಗಿ ಕೈಬಿಟ್ಟವರು ನಮ್ಮಲ್ಲಿ ಇದ್ದಾರೆ. ಅವರಿಗೆ ಮೊದಲು 'ಒಡಲಾಳ'ವನ್ನು ಕೊಡಬೇಕು. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ಮನೆಯವರೆಲ್ಲ ಒಟ್ಟಿಗೆ ಕೂತು ಕಡಲೆಕಾಯಿ ತಿನ್ನುವ ಆ ರಾತ್ರಿ, ಇವು ಚಾಮರಾಜನಗರದ ಕಡೆಯ ನುಡಿಯಲ್ಲಿದ್ದರೂ ಬಂಗಾರಪೇಟೆಯ ಓದುಗರಿಗೆ ಅಪರಿಚಿತವಲ್ಲ. ಸಂಭಾಷಣೆಗಳನ್ನು ತುಟಿಯಾಡಿಸಿಯಾದರೂ ಓದಿ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ಅದನ್ನು ಓದಿ ಮುಗಿಸಿದವರು ತಾವಾಗಿಯೇ 'ಕುಸುಮಬಾಲೆ'ಯನ್ನು ಕೇಳಿಕೊಂಡು ಬರುತ್ತಾರೆ, ಆಗ ಕೊಡಬಹುದು.

ಹಿಂದೆ ಈ ಕೆಲಸವನ್ನು ಯಾರು ಮಾಡುತ್ತಿದ್ದರು ಎಂದು ಯೋಚಿಸಿದರೆ ಮೊದಲು ನೆನಪಾಗುವವರು ಗಳಗನಾಥರು. ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಅವರಿಗೆ ಯಾವ ಊರಿನಲ್ಲಿ ಎಂಥ ಓದುಗರಿದ್ದಾರೆಂಬುದು ತಿಳಿಯದೆ ಇದ್ದೀತೆ? 1956ರಲ್ಲಿ ಆರಂಭವಾದ 'ಕಸ್ತೂರಿ' ಮಾಸಪತ್ರಿಕೆಯ ಪುಸ್ತಕ ವಿಭಾಗವೂ ಒಂದು ಬಗೆಯ ಸೂಚನೆಯೇ ಆಗಿತ್ತು. ಸಂಚಿಕೆಯ ಕೊನೆಯಲ್ಲಿ ಒಂದು ಪುಸ್ತಕದ ಸಂಗ್ರಹವನ್ನೇ ಕೊಡುತ್ತಿದ್ದರು. ಇಷ್ಟವಾದವರು ಮೂಲವನ್ನು ಹುಡುಕಿಕೊಂಡು ಹೋಗಬಹುದಾಗಿತ್ತು, ಹೋಗದವರಿಗೂ ಒಂದು ಪುಸ್ತಕದ ಸಾರ ದಕ್ಕುತ್ತಿತ್ತು.

ಆದರೆ ಸಣ್ಣ ಊರುಗಳಲ್ಲಿ ಓದುಗರನ್ನು ನಿಜವಾಗಿ ಬೆಳೆಸಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಬಸ್ ನಿಲ್ದಾಣದ ಹತ್ತಿರದ ಗಲ್ಲಿಯಲ್ಲಿಯೋ, ಪೇಟೆಬೀದಿಯ ಮಳಿಗೆಯೊಂದರ ಹಿಂಭಾಗದಲ್ಲಿಯೋ ಇರುತ್ತಿದ್ದ ಈ ಬಾಡಿಗೆ ಪುಸ್ತಕದಂಗಡಿಗಳ ಇತಿಹಾಸವನ್ನು ಯಾರಾದರೂ ಬರೆಯಬೇಕು. ಅನಕೃ, ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳು ರಟ್ಟು ಕಟ್ಟಿಸಿಕೊಂಡು, ಬೆನ್ನಿನ ಮೇಲೆ ಸಂಖ್ಯೆ ಬರೆಸಿಕೊಂಡು ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಮನೆಯಿಂದ ಹೊರಗೆ ಬರಲಾಗದ ಹೆಂಗಸರು ಮಗನನ್ನೋ ಮಗಳನ್ನೋ ಕಳಿಸುತ್ತಿದ್ದರು: "ಅಮ್ಮ ಓದಿರದ್ದು ಕೊಡಬೇಕಂತೆ." ಅಂಗಡಿಯವರಿಗೆ ಆ ಅಮ್ಮ ಏನು ಓದಿದ್ದಾರೆ, ಯಾವುದನ್ನು ಮಾರನೆಯ ದಿನವೇ ಹಿಂದಿರುಗಿಸಿದರು, ಯಾವುದನ್ನು ದಂಡ ಕೊಟ್ಟು ಹೆಚ್ಚು ದಿನ ಇಟ್ಟುಕೊಂಡರು ಎಂಬುದೆಲ್ಲ ಗೊತ್ತಿರುತ್ತಿತ್ತು. ಪುಸ್ತಕ ಹಿಂದೆ ಬರುವ ವೇಗವೇ ಅವರಿಗೆ ವಿಮರ್ಶೆ. ದುಃಖದ ಕಥೆಯನ್ನು ಮೇಲಿಂದ ಮೇಲೆ ಎರಡು ಕೊಡಬಾರದು, ಅಂಥದ್ದೊಂದಾದ ಮೇಲೆ ಪತ್ತೇದಾರಿಯೊಂದನ್ನು ಕೊಡಬೇಕು ಎಂಬಂಥ ಲೆಕ್ಕಾಚಾರಗಳು ಅವರಲ್ಲಿದ್ದವು.

ಆ ಪುಸ್ತಕಗಳ ಕೊನೆಯ ಖಾಲಿ ಪುಟಗಳನ್ನು ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಓದಿದವರು ಅಲ್ಲಿ ಪೆನ್ಸಿಲಿನಲ್ಲಿ ತಮ್ಮ ತೀರ್ಪು ಬರೆದಿರುತ್ತಿದ್ದರು. "ಓದಬಹುದು", "ಕೊನೆ ಚೆನ್ನಾಗಿಲ್ಲ", "ಅಳು ಬರುತ್ತದೆ, ರಾತ್ರಿ ಓದಬೇಡಿ" ಎಂಬಂಥ ಒಂದೊಂದು ಸಾಲು. ಕೆಳಗೆ ಬೇರೆ ಕೈಬರಹದಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಸಾಲು. ಗ್ರಂಥಾಲಯದ ನಿಯಮದ ಪ್ರಕಾರ ಇದು ಅಪರಾಧ, ನಾನೂ ಅದನ್ನು ಪ್ರೋತ್ಸಾಹಿಸುವುದಿಲ್ಲ. ಆದರೂ ಆ ಸಾಲುಗಳಲ್ಲಿ ಯಾವ ಬೆನ್ನುಡಿಯಲ್ಲಿಯೂ ಇಲ್ಲದ ಗುಣವಿತ್ತು: ಬರೆದವರು ಪುಸ್ತಕವನ್ನು ಪೂರ್ತಿ ಓದಿದ್ದರು, ಲೇಖಕರ ಪರಿಚಯ ಅವರಿಗಿರಲಿಲ್ಲ, ಹೊಗಳಿದರೂ ತೆಗಳಿದರೂ ಅವರಿಗೆ ಬರುವುದೇನೂ ಇರಲಿಲ್ಲ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಕೂತ ನಾವು ಹೀಗೆ ಹೇಳಬಲ್ಲೆವೆ? ಅಲ್ಲಿ ಎಲ್ಲ ಪುಸ್ತಕವೂ ಎಲ್ಲರೂ ಓದಲೇಬೇಕಾದ ಪುಸ್ತಕವಾಗಿರುತ್ತದೆ. ಹಾಗಾಗಿ ಇಂದು ಸರದಿ ಬಂದಾಗ ಯಾರಾದರೂ "ಈ ಪುಸ್ತಕವನ್ನು ನಾನು ಅರ್ಧಕ್ಕೆ ಬಿಟ್ಟೆ, ಬಿಟ್ಟದ್ದು ಈ ಕಾರಣಕ್ಕೆ" ಎಂದು ಹೇಳಿದರೆ ಅದನ್ನೂ ಒಂದು ಸೂಚನೆಯೆಂದೇ ಸ್ವೀಕರಿಸೋಣ. ಒಬ್ಬರು ಬಿಡಲು ಕೊಟ್ಟ ಕಾರಣ ಇನ್ನೊಬ್ಬರಿಗೆ ಹಿಡಿಯಲು ಕಾರಣವಾಗುವುದುಂಟು. "ಬರೀ ಊಟ ತಿಂಡಿಯ ವರ್ಣನೆ" ಎಂದು ಒಬ್ಬರು ದೂರಿದರೆ ಮರುದಿನವೇ ಆ ಪುಸ್ತಕವನ್ನು ಕೊಳ್ಳುವವರು ನಮ್ಮ ನಡುವೆ ಇದ್ದಾರೆ.

ಪ್ರಶಸ್ತಿಗಳೂ ಸೂಚನೆಗಳೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನಕ್ಕೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಕನ್ನಡದಿಂದ ಮೊದಲ ಬಾರಿಗೆ, ಸಣ್ಣ ಕಥೆಗಳ ಸಂಕಲನವೊಂದಕ್ಕೂ ಮೊದಲ ಬಾರಿಗೆ ಆ ಗೌರವ ದೊರೆತಾಗ, ಕನ್ನಡ ಓದಬಲ್ಲ ಅನೇಕರು ಇಂಗ್ಲಿಷ್ ಪುಸ್ತಕವನ್ನೇ ತರಿಸಿಕೊಂಡರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ, ಸುದ್ದಿಯಲ್ಲಿ ಕಂಡ ಮುಖಪುಟ ಅದೇ ಆಗಿತ್ತು. ಅಂಥವರಿಗೆ ಪಕ್ಕದಲ್ಲಿದ್ದ ಯಾರಾದರೂ, ಇವು 1990ರಿಂದ 2023ರವರೆಗೆ ಕನ್ನಡದಲ್ಲಿ ಬರೆದ ಕಥೆಗಳಿಂದ ಆಯ್ದವು, ಮೂಲ ನಮ್ಮ ಭಾಷೆಯಲ್ಲೇ ಓದಲು ಸಿಗುತ್ತದೆ ಎಂದು ಹೇಳಿದ್ದರೆ ಸಾಕಾಗಿತ್ತು. ರೈಲಿನ ಓದುಗರಿಗೆ ನಾನು ಸೂಚಿಸುವುದು ಇಂಥ ಕಥೆಗಳನ್ನು. ಒಂದು ಪ್ರಯಾಣಕ್ಕೆ ಒಂದು ಕಥೆ ಸರಿಹೋಗುತ್ತದೆ, ಮತ್ತು ಈ ಕಥೆಗಳನ್ನು ಓದಿದ ಮೇಲೆ ಇಳಿಯುವ ನಿಲ್ದಾಣದವರೆಗೆ ಬೇರೆ ಏನನ್ನೂ ಓದಬೇಕೆನಿಸುವುದಿಲ್ಲ.

ಮಕ್ಕಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಮಕ್ಕಳು ನಮ್ಮ ಮಾತನ್ನು ಕೇಳುವುದಿಲ್ಲ; ಅವರು ಕೇಳುವುದು ಇನ್ನೊಂದು ಮಗುವಿನ ಮಾತನ್ನು. ದೊಡ್ಡವರು ಮಾಡಬಹುದಾದದ್ದು ಇಷ್ಟು. ಒಂದು ಪುಸ್ತಕ ಕೊಡುವಲ್ಲಿ ಮೂರು ಕೊಡಬೇಕು, ಎರಡನ್ನು ಓದದೆ ಬಿಡುವ ಸ್ವಾತಂತ್ರ್ಯವನ್ನೂ ಕೊಡಬೇಕು. ಓದಿ ಮುಗಿಸಿದ ಮೇಲೆ ಸಾರಾಂಶ ಬರೆಸಬಾರದು, ನೀತಿ ಏನೆಂದು ಕೇಳಬಾರದು. ಎಲ್.ಎಸ್. ಶೇಷಗಿರಿ ರಾವ್ ಅವರು ಸಂಪಾದಿಸಿದ 'ಭಾರತ ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು ಐನೂರಕ್ಕೂ ಹೆಚ್ಚಿದ್ದವು. ಜೇಬಿನಲ್ಲಿ ಹಿಡಿಸುವ ಗಾತ್ರ, ಒಂದು ಮಧ್ಯಾಹ್ನಕ್ಕೆ ಒಂದು ಮುಗಿಯುತ್ತಿತ್ತು, "ನಿನ್ನಲ್ಲಿ ಯಾವುದಿದೆ, ನನ್ನಲ್ಲಿ ಯಾವುದಿದೆ" ಎಂದು ಮಕ್ಕಳು ತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಆ ಅದಲುಬದಲಿಗೆ ಅವಕಾಶ ಮಾಡಿಕೊಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವರ ಮಾತು ಬೇರೆ. ಆ ವಯಸ್ಸಿನವರಿಗೆ, ಅದರಲ್ಲೂ ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯವರಿಗೆ, ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ'ಯನ್ನು ಕೊಡಿ. ಹೊಸೂರಿನ ಬಡ ಹುಡುಗನೊಬ್ಬ ಹೈಸ್ಕೂಲು ಓದಲೆಂದು ಬೆಂಗಳೂರಿನವರೆಗೆ ನಡೆದೇ ಹೋದದ್ದು, ಮುಂದೆ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟು ಪಡೆದು ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಅದರಲ್ಲಿದೆ. ಉಪದೇಶದ ಪುಸ್ತಕವೆಂದು ಹೇಳಿ ಕೊಟ್ಟರೆ ಯಾರೂ ತೆರೆಯುವುದಿಲ್ಲ. ನಡೆದ ದಾರಿ ಯಾವುದೆಂದು ನೋಡು, ನಿನಗೆ ಗೊತ್ತಿರುವ ಊರುಗಳೇ ಎಂದು ಹೇಳಿ ಕೊಡಬೇಕು.

ಸೂಚಿಸಿದ ಪುಸ್ತಕ ಸಿಗುವುದೆಲ್ಲಿ ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ತೇಲಿಸಿಬಿಡುತ್ತೇವೆ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು ಎಂಬ ಮೂರು ಅವುಗಳಲ್ಲಿ ಸೇರಿವೆ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಆ ಮಹನೀಯರ ಈ ಮೂರನೆಯ ಮಾತನ್ನು ನಾವು ನಮಗೂ ಅನ್ವಯಿಸಿಕೊಳ್ಳಬಹುದು. ಕನ್ನಡ ಪುಸ್ತಕದ ಒಂದು ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಅದು ತೀರಿದ ಮೇಲೆ ಮರುಮುದ್ರಣವಾಗದ ಪುಸ್ತಕಗಳು ಎಷ್ಟೋ. ಮಾರುಕಟ್ಟೆಯಲ್ಲಿಲ್ಲದ ಪುಸ್ತಕವನ್ನು ಸಭೆಯಲ್ಲಿ ಹೊಗಳಿ ಕೂತರೆ ಕೇಳಿದವರು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗುತ್ತದೆ. ಅಂಥದ್ದನ್ನು ಹೇಳಲೇಬೇಕೆಂದಿದ್ದರೆ ತಮ್ಮ ಪ್ರತಿಯನ್ನು ಕೈಯಲ್ಲಿ ಹಿಡಿದು ಬಂದು, ಯಾರಿಗೆ ಬೇಕೋ ಅವರಿಗೆ ಕೊಟ್ಟು ಹೋಗುವ ಧೈರ್ಯವಿರಬೇಕು. ಕೊಟ್ಟ ಪುಸ್ತಕ ಹಿಂದೆ ಬರುವುದಿಲ್ಲವೆಂಬ ಭಯ ನ್ಯಾಯವಾದದ್ದೇ. ಒಳಪುಟದಲ್ಲಿ ಹೆಸರು, ಊರು ಬರೆದಿಡುವುದರ ಹೊರತು ಅದಕ್ಕೆ ಬೇರೆ ಔಷಧವನ್ನು ನಾನು ಅರಿಯೆ.

ಹಳ್ಳಿಗಳಿಂದ ಬಂದಿರುವವರಿಗೆ ಒಂದು ಮಾತು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಐದು ಸಾವಿರಕ್ಕೂ ಹೆಚ್ಚಿನವು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಅವಕ್ಕೆ ಅರಿವು ಕೇಂದ್ರಗಳೆಂದು ಹೆಸರು. ಎಲ್ಲ ಕಡೆಯೂ ಒಂದೇ ಸಮನಾಗಿ ನಡೆಯುತ್ತಿವೆ ಎಂದು ನಾನು ಹೇಳುವುದಿಲ್ಲ. ಬಾಗಿಲು ತೆರೆಯುವ ಹೊತ್ತು ಊರಿಂದ ಊರಿಗೆ ಬೇರೆ. ಆದರೆ ನೀವು ಸೂಚಿಸಲಿರುವ ಪುಸ್ತಕ ನಿಮ್ಮ ಪಂಚಾಯಿತಿಯ ಕಪಾಟಿನಲ್ಲಿ ಇದೆಯೇ ಎಂದು ಒಮ್ಮೆ ನೋಡಿ ಬಂದು ಹೇಳಿದರೆ, ಆ ಊರಿನ ಮಟ್ಟಿಗೆ ಅದು ನಿಜವಾದ ಸೂಚನೆಯಾಗುತ್ತದೆ. ಇಲ್ಲದಿದ್ದರೆ ಬೇಡಿಕೆಯ ಪುಸ್ತಕದಲ್ಲಿ ಅದರ ಹೆಸರನ್ನು ಬರೆಯಿರಿ. ಕೇಳುವವರಿದ್ದಾರೆಂದು ತಿಳಿಯದೆ ಯಾರೂ ತರಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸರದಿಯನ್ನು ನಾನೇ ಮೊದಲು ತೀರಿಸಬೇಕು. ನಾನು ಸೂಚಿಸುವುದು ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'. ಅವರ 'ಮಂಕುತಿಮ್ಮನ ಕಗ್ಗ' ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದೆ. 945 ಪದ್ಯಗಳ ಆ ಪುಸ್ತಕವನ್ನು ಬೇಸಿಗೆಯಲ್ಲಿ ಒಂದೇ ಸಮನೆ ಓದಿ ಮುಗಿಸುವುದು ಅದಕ್ಕೂ ನಿಮಗೂ ಒಳ್ಳೆಯದಲ್ಲ, ದಿನಕ್ಕೊಂದು ಪದ್ಯ ಸಾಕು. 'ಜ್ಞಾಪಕ ಚಿತ್ರಶಾಲೆ' ಬೇರೆ ಬಗೆಯದು. ಡಿವಿಜಿ ಕಂಡ, ಕೇಳಿದ, ಒಡನಾಡಿದ ಜನರ ಚಿತ್ರಗಳು, ಒಟ್ಟು ಎಂಟು ಸಂಪುಟ. ಎಂಟೆಂದು ಹೆದರಬೇಕಾಗಿಲ್ಲ, ಒಂದೊಂದು ಚಿತ್ರವೂ ಬಿಡಿಯಾಗಿ ನಿಲ್ಲುತ್ತದೆ, ಹುಳು ಜ್ವರಕ್ಕೆ ಕೂತ ದಿನ ಓದಿ ಮುಂದಿನ ಜ್ವರದವರೆಗೆ ಮುಚ್ಚಿಟ್ಟರೂ ನಷ್ಟವಿಲ್ಲ. ಮೊದಲನೆಯ ಸಂಪುಟದಿಂದಲೇ ತೊಡಗಬೇಕೆಂಬ ನಿಯಮವೂ ಇಲ್ಲ. ರಾಜಕೀಯದಲ್ಲಿ ಆಸಕ್ತಿಯಿರುವವರು 'ಮೈಸೂರಿನ ದಿವಾನರು' ಸಂಪುಟವನ್ನು, ಸಂಗೀತದಲ್ಲಿ ಆಸಕ್ತಿಯಿರುವವರು 'ಕಲೋಪಾಸಕರು' ಸಂಪುಟವನ್ನು ಮೊದಲು ತೆರೆಯಲಿ. ಉಳಿದವರಿಗೆ ನಾನು ಹೇಳುವುದು 'ಹೃದಯಸಂಪನ್ನರು'. ಕೆಲವು ಕಡೆ ಸಂಸ್ಕೃತ ಶ್ಲೋಕಗಳು ಬರುತ್ತವೆ, ಅರ್ಥವಾಗದಿದ್ದರೆ ದಾಟಿ ಹೋಗಿ, ಪ್ರಸಂಗ ಕೆಡುವುದಿಲ್ಲ. ಹಳೆಯ ಮೈಸೂರು ಸಂಸ್ಥಾನದ ಬ್ರಾಹ್ಮಣ ಮನೆಗಳ, ಅಧಿಕಾರಿಗಳ, ವಿದ್ವಾಂಸರ ಲೋಕವೇ ಅದರಲ್ಲಿ ಹೆಚ್ಚಾಗಿರುವುದರಿಂದ, ಆ ಕಾಲದ ಕೋಲಾರದ ಎಲ್ಲ ಜನರೂ ಅಲ್ಲಿ ಸಿಗುತ್ತಾರೆಂದು ನಿರೀಕ್ಷಿಸುವವರು ಇದನ್ನು ತೆಗೆದುಕೊಳ್ಳಬಾರದು. ಅವರಿಗೆ ನಿಮ್ಮಲ್ಲಿ ಯಾರಾದರೂ ಬೇರೆ ಪುಸ್ತಕ ಹೇಳಬೇಕು. ಒಂದು ಸಂಪುಟವನ್ನು ತಂದಿದ್ದೇನೆ, ಮೇಜಿನ ಮೇಲಿದೆ. ಜೂನ್ ಮೊದಲ ವಾರದಲ್ಲಿ ಹಿಂದಿರುಗಿಸುವವರು ತೆಗೆದುಕೊಳ್ಳಬಹುದು.